ಕರ್ನಲ್ ಚಿಪ್ಪಿನಲ್ಲೋ, ಡಿಸ್ಕಿನಲ್ಲೋ? ಕೋರ್‌ಬೂಟ್ ಲ್ಯಾಪ್‌ಟಾಪಿಗೆ ಪೇಲೋಡ್ ಆರಿಸುವ ಬಗೆ

ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಹಳೆಯ ಥಿಂಕ್‌ಪ್ಯಾಡ್ ತಂದು, ಕಂಪನಿಯ ಬಯಾಸ್ ತೆಗೆದು ಅದರ ಜಾಗಕ್ಕೆ ಕೋರ್‌ಬೂಟ್ ಎಂಬ ಮುಕ್ತ ಫರ್ಮ್‌ವೇರ್ ಹಾಕಲು ಕೂತವರಿಗೆ ಮೊದಲ ಗೊಂದಲ ಶುರುವಾಗುವುದು ಅದನ್ನು ಕಟ್ಟುವಾಗ ಬರುವ ಪೇಲೋಡ್ ಮೆನುವಿನಲ್ಲಿ. ಕೋರ್‌ಬೂಟ್ ತನ್ನ ಕೆಲಸ ಮುಗಿಸಿ ಓಡಿಸುವ ಮುಂದಿನ ಪ್ರೋಗ್ರಾಮೇ ಪೇಲೋಡ್. ಅಲ್ಲಿ ಸೀಬಯಾಸ್, ಗ್ರಬ್, ಇಡಿಕೆ2 ಇವುಗಳ ಜೊತೆಗೆ ನೇರವಾಗಿ ಲಿನಕ್ಸ್ ಕರ್ನಲ್ಲನ್ನೇ ಕೊಡುವ ಆಯ್ಕೆಯೂ ಇರುತ್ತದೆ. ಪವರ್ ಬಟನ್ ಒತ್ತಿದರೆ ಫರ್ಮ್‌ವೇರಿನಿಂದ ಸೀದಾ ಕರ್ನಲ್ಲಿಗೆ, ನಡುವೆ ಬೂಟ್‌ಲೋಡರೇ ಇಲ್ಲ. ಕೇಳಲು ಇದಕ್ಕಿಂತ ಚೊಕ್ಕ ಏರ್ಪಾಡು ಬೇರೆ ಇಲ್ಲ ಅನ್ನಿಸುತ್ತದೆ. ತುಮಕೂರು, ಶಿರಾ, ತಿಪಟೂರು ಕಡೆಯ ವಿದ್ಯಾರ್ಥಿಗಳೂ ಲ್ಯಾಬ್ ನೋಡಿಕೊಳ್ಳುವವರೂ ಇದನ್ನು ಆರಿಸುವ ಮೊದಲು ಏನೇನು ತೂಗಿ ನೋಡಬೇಕು ಎಂಬುದನ್ನು ಇಲ್ಲಿ ಬರೆದಿದ್ದೇವೆ.

ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇವೆ. ದಿನನಿತ್ಯ ಬಳಸುವ ಕರ್ನಲ್ಲನ್ನು ಫರ್ಮ್‌ವೇರ್ ಇರುವ ಫ್ಲ್ಯಾಶ್ ಚಿಪ್ಪಿಗೆ ಹಾಕಬೇಡಿ. ಚಿಪ್ಪಿನಲ್ಲಿ ಕರ್ನಲ್ ಇರಲೇಬೇಕು ಎಂದಾದರೆ ಅಪರೂಪಕ್ಕೆ ಬದಲಾಗುವ ಚಿಕ್ಕದೊಂದು ಇರಲಿ. ಡಿಸ್ಕಿನಲ್ಲಿರುವ ದೊಡ್ಡ ಕರ್ನಲ್ಲನ್ನು ಹುಡುಕಿ, ಬೇಕಾದರೆ ಪರೀಕ್ಷಿಸಿ, ಯಂತ್ರವನ್ನು ಅದಕ್ಕೆ ಒಪ್ಪಿಸುವುದಷ್ಟೇ ಅದರ ಕೆಲಸ. ಅಂಥ ಕಾವಲಿನ ಅಗತ್ಯವೂ ಇಲ್ಲದವರಿಗೆ ಗ್ರಬ್ ಅಥವಾ ಸೀಬಯಾಸ್ ಧಾರಾಳವಾಗಿ ಸಾಕು.

ಪೇಲೋಡ್ ಎಲ್ಲಿ ಬರುತ್ತದೆ

ಕೋರ್‌ಬೂಟ್ ಹಂತಹಂತವಾಗಿ ಓಡುತ್ತದೆ. ಬೂಟ್‌ಬ್ಲಾಕ್ ಪ್ರೊಸೆಸರನ್ನು ಎಬ್ಬಿಸುತ್ತದೆ, ರಾಮ್‌ಸ್ಟೇಜಿಗೆ ಮುಂಚೆ ಬರುವ ರೋಮ್‌ಸ್ಟೇಜ್ ಮೆಮೊರಿಯನ್ನು ಹದಕ್ಕೆ ತರುತ್ತದೆ, ರಾಮ್‌ಸ್ಟೇಜ್ ಪಿಸಿಐ ಸಾಧನಗಳನ್ನು ಜೋಡಿಸಿ ಎಸಿಪಿಐ ಕೋಷ್ಟಕಗಳನ್ನು ಬರೆದಿಡುತ್ತದೆ. ಅಲ್ಲಿಗೆ ಕೋರ್‌ಬೂಟಿನ ಕೆಲಸ ಮುಗಿಯಿತು. ಡಿಸ್ಕ್ ಓದುವುದು, ಮೆನು ತೋರಿಸುವುದು, ಆಪರೇಟಿಂಗ್ ಸಿಸ್ಟಂ ಹುಡುಕುವುದು ಇವೆಲ್ಲ ಅದಕ್ಕೆ ಗೊತ್ತಿಲ್ಲ. ಆ ಕೆಲಸಕ್ಕೆ ನೀವು ಆರಿಸುವ ಪ್ರೋಗ್ರಾಮೇ ಪೇಲೋಡ್. ಫ್ಲ್ಯಾಶ್ ಚಿಪ್ಪಿನೊಳಗೆ ಸಿಬಿಎಫ್‌ಎಸ್ ಎಂಬ ಸರಳ ಫೈಲ್ ವ್ಯವಸ್ಥೆಯಲ್ಲಿ ಅದು ಕೂತಿರುತ್ತದೆ.

ಕರ್ನಲ್ಲನ್ನೇ ಪೇಲೋಡ್ ಮಾಡುವ ಯೋಚನೆ ಹೊಸದೇನಲ್ಲ. 1999ರಲ್ಲಿ ಅಮೆರಿಕದ ಲಾಸ್ ಅಲಾಮೋಸ್ ರಾಷ್ಟ್ರೀಯ ಪ್ರಯೋಗಾಲಯದಲ್ಲಿ ರಾನ್ ಮಿನ್ನಿಚ್ ಈ ಯೋಜನೆ ಶುರುಮಾಡಿದಾಗ ಅದರ ಹೆಸರೇ ಲಿನಕ್ಸ್‌ಬಯಾಸ್. ಚಿಪ್ಪಿನಲ್ಲಿ ಲಿನಕ್ಸ್ ಇಡುವುದೇ ಮೂಲ ಉದ್ದೇಶವಾಗಿತ್ತು. ಕರ್ನಲ್ ಬೆಳೆದಷ್ಟು ಬೇಗ ಅಂದಿನ ಫ್ಲ್ಯಾಶ್ ಚಿಪ್ಪುಗಳು ಬೆಳೆಯಲಿಲ್ಲ, ಹಾಗಾಗಿ ಚಿಕ್ಕ ಪೇಲೋಡುಗಳು ಆ ಜಾಗಕ್ಕೆ ಬಂದವು. 2008ರಲ್ಲಿ ಹೆಸರೂ ಕೋರ್‌ಬೂಟ್ ಆಯಿತು. ಚಿಪ್ಪುಗಳು 8, 12, 16 ಎಂಬಿಗೆ ಏರಿದ ಮೇಲೆ ಅದೇ ಯೋಚನೆ ಲಿನಕ್ಸ್‌ಬೂಟ್ ಎಂಬ ಹೆಸರಲ್ಲಿ ಮರಳಿತು. 2018ರಿಂದ ಅದು ಲಿನಕ್ಸ್ ಫೌಂಡೇಶನ್ನಿನ ಯೋಜನೆ.

ಒಂದು ಅನುಮಾನ ಇಲ್ಲೇ ಪರಿಹಾರವಾಗಲಿ. ಲ್ಯಾಪ್‌ಟಾಪ್ ಮುಚ್ಚಿ ನಿದ್ದೆಗೆ ಕಳಿಸಿ ಮತ್ತೆ ತೆರೆದಾಗ ಪೇಲೋಡ್ ಓಡುವುದಿಲ್ಲ. ಮೆಮೊರಿಯಲ್ಲಿ ಉಳಿದಿರುವ ನಿಮ್ಮ ಆಪರೇಟಿಂಗ್ ಸಿಸ್ಟಮಿಗೆ ಕೋರ್‌ಬೂಟೇ ನೇರ ಜಿಗಿಯುತ್ತದೆ. ಆದ್ದರಿಂದ ಯಾವ ಪೇಲೋಡ್ ಆರಿಸಿದರೂ ಸಸ್ಪೆಂಡ್ ಅದರಿಂದ ಕೆಡುವುದಿಲ್ಲ.

ಬೇಗ ಬೂಟ್ ಆಗುತ್ತದೆ ಎಂಬ ಆಸೆ

ಚಿಪ್ಪಿನಲ್ಲಿ ಕರ್ನಲ್ ಇಟ್ಟರೆ ಯಂತ್ರ ಮಿಂಚಿನಂತೆ ಏಳುತ್ತದೆ ಎಂದು ನಂಬಿ ಈ ದಾರಿ ಹಿಡಿಯುವವರಿದ್ದಾರೆ. ಲೆಕ್ಕ ಹಾಕಿ ನೋಡಿ. ಎಸ್‌ಪಿಐ ಬಗೆಯ ಈ ಫ್ಲ್ಯಾಶ್ ಚಿಪ್ಪನ್ನು 33 ಮೆಗಾಹರ್ಟ್ಸಿನಲ್ಲಿ ಒಂದೇ ತಂತಿಯ ಮೇಲೆ ಓದಿದರೆ ಸೆಕೆಂಡಿಗೆ ಸುಮಾರು 4 ಎಂಬಿ ಬರುತ್ತದೆ. 50 ಮೆಗಾಹರ್ಟ್ಸ್, ಎರಡು ತಂತಿ ಎಂದರೂ 12 ಎಂಬಿ ಚಿಲ್ಲರೆ. 6 ಎಂಬಿಯ ಕರ್ನಲ್ ಓದಲು ಅರ್ಧದಿಂದ ಒಂದೂವರೆ ಸೆಕೆಂಡ್ ಬೇಕು. ಸಾಟಾ ಎಸ್‌ಎಸ್‌ಡಿ ಸೆಕೆಂಡಿಗೆ 500 ಎಂಬಿ ಆಸುಪಾಸಿನಲ್ಲಿ ಓದುತ್ತದೆ. ಸಮಯ ಉಳಿಯುವುದು ಬೂಟ್ ಮೆನುವಿನ ಕಾಯುವಿಕೆ ತಪ್ಪುವುದರಿಂದ, ಅದನ್ನು ಗ್ರಬ್ಬಿನಲ್ಲೇ ಟೈಮ್‌ಔಟ್ 1 ಎಂದು ಬರೆದು ಪಡೆಯಬಹುದು. ವೇಗಕ್ಕಾಗಿ ಮಾತ್ರ ಈ ತೊಂದರೆ ತೆಗೆದುಕೊಳ್ಳಬೇಡಿ.

ಜಾಗದ ಲೆಕ್ಕ

ಆಯ್ಕೆಯನ್ನು ಬಹುಪಾಲು ನಿರ್ಧರಿಸುವುದು ಜಾಗ. ನಮ್ಮ ಕಡೆ ಸುಲಭವಾಗಿ ಸಿಗುವ ಥಿಂಕ್‌ಪ್ಯಾಡ್ ಎಕ್ಸ್230 ತೆಗೆದುಕೊಳ್ಳೋಣ. ಇದರಲ್ಲಿ ಎರಡು ಚಿಪ್ಪುಗಳಿವೆ. ಪರದೆಯ ಕಡೆಗಿರುವುದು 4 ಎಂಬಿ, ನಿಮ್ಮ ಕಡೆಗಿರುವುದು 8 ಎಂಬಿ, ಒಟ್ಟು 12. ಮೊದಲ 4 ಕೆಬಿ ಭಾಗಗಳ ಗಡಿ ಬರೆದಿರುವ ಡಿಸ್ಕ್ರಿಪ್ಟರ್, ಮುಂದಿನ 8 ಕೆಬಿ ನೆಟ್‌ವರ್ಕ್ ಕಾರ್ಡಿನ ಮಾಹಿತಿ, ಆಮೇಲೆ ಸುಮಾರು 5 ಎಂಬಿ ಇಂಟೆಲ್ ಮ್ಯಾನೇಜ್‌ಮೆಂಟ್ ಇಂಜಿನ್ (ಹಿನ್ನೆಲೆಯಲ್ಲಿ ಓಡುವ ಇಂಟೆಲ್ಲಿನದೇ ಫರ್ಮ್‌ವೇರ್), ಕೊನೆಯ 7 ಎಂಬಿ ಬಯಾಸಿನದು.

ನಿಮ್ಮ ಮುಂದೆ ಮೂರು ದಾರಿಗಳಿವೆ. 4 ಎಂಬಿಯ ಚಿಪ್ ಒಂದನ್ನೇ ಬರೆದರೆ ಸೀಬಯಾಸ್, ಗ್ರಬ್ ಹಾಯಾಗಿ ಕೂರುತ್ತವೆ, ಉಪಯೋಗಕ್ಕೆ ಬರುವ ಕರ್ನಲ್ ಮತ್ತು ಇನಿಟ್‌ರಾಮ್‌ಎಫ್‌ಎಸ್ (ಕರ್ನಲ್ ಜೊತೆಗೇ ಮೆಮೊರಿಗೆ ಬರುವ ಚಿಕ್ಕ ಫೈಲ್ ಕಟ್ಟು) ಹಿಡಿಸುವುದಿಲ್ಲ. 7 ಎಂಬಿ ಪೂರ್ತಿ ಬಳಸಿದರೆ ಕೋರ್‌ಬೂಟಿನ ಪಾಲು ಕಳೆದು 6 ಎಂಬಿ ಚಿಲ್ಲರೆ ಉಳಿಯುತ್ತದೆ, ಚಿಕ್ಕ ಕರ್ನಲ್ ಒತ್ತಿ ತುಂಬಬಹುದು. ಎಂಇ-ಕ್ಲೀನರ್ ಎಂಬ ಸಾಧನ ಓಡಿಸಿ ಮ್ಯಾನೇಜ್‌ಮೆಂಟ್ ಇಂಜಿನ್ನನ್ನು ಸುಮಾರು 100 ಕೆಬಿಗೆ ಇಳಿಸಿ, ಡಿಸ್ಕ್ರಿಪ್ಟರಿನಲ್ಲಿ ಗಡಿಗಳನ್ನು ಬದಲಿಸಿದರೆ 11 ಎಂಬಿಗೂ ಮೀರಿದ ಜಾಗ ನಿಮ್ಮದು. ಚಿಪ್ಪಿನಲ್ಲಿ ಲಿನಕ್ಸ್ ಇಡುವವರಿಗೆ ಈ ಮೂರನೆಯದೇ ಸರಿ. ಈ ಪೀಳಿಗೆಯಲ್ಲಿ ಮ್ಯಾನೇಜ್‌ಮೆಂಟ್ ಇಂಜಿನ್ನನ್ನು ಪೂರ್ತಿ ಅಳಿಸಬೇಡಿ, ಅಳಿಸಿದರೆ ಯಂತ್ರ 30 ನಿಮಿಷಕ್ಕೆ ತಾನಾಗಿ ಆರಿಹೋಗುತ್ತದೆ. ಅದಕ್ಕಿಂತ ಹಳೆಯ ಎಕ್ಸ್200ರಲ್ಲಿ ಪೂರ್ತಿ ತೆಗೆಯಬಹುದು.

ಇನ್ನು ಕರ್ನಲ್ಲಿನ ತೂಕ. ಅತಿ ಚಿಕ್ಕ ಕಾನ್ಫಿಗಿನಲ್ಲಿ ಕಟ್ಟಿದ ಕರ್ನಲ್ 1 ಎಂಬಿಯೊಳಗೆ ಬರುತ್ತದೆ, ಆದರೆ ಅದಕ್ಕೆ ಡಿಸ್ಕೂ ಕಾಣದು, ಕೀಬೋರ್ಡೂ ಕಾಣದು. ಸಾಟಾ, ಯುಎಸ್‌ಬಿ, ಎಕ್ಸ್ಟ್4, ಡಿಎಂ-ಕ್ರಿಪ್ಟ್, ಗ್ರಾಫಿಕ್ಸ್, ಇನ್ನೊಂದು ಕರ್ನಲ್ಲಿಗೆ ಜಿಗಿಯುವ ಕೆಎಕ್ಸೆಕ್ ಸೇರಿಸಿದರೆ 3ರಿಂದ 6 ಎಂಬಿ. ಡೆಬಿಯನ್, ಉಬುಂಟು ಕೊಡುವ ಸಿದ್ಧ ಕರ್ನಲ್ಲಿನ ಇನಿಟ್‌ರಾಮ್‌ಎಫ್‌ಎಸ್ ಒಂದೇ ಹತ್ತಾರು ಎಂಬಿ. ಅದನ್ನು ಹಾಗೇ ಎತ್ತಿ ಚಿಪ್ಪಿಗೆ ಹಾಕುವ ಮಾತೇ ಇಲ್ಲ, ನೀವೇ ಕಟ್ಟಬೇಕು.

ಸೀಬಯಾಸ್ ಮತ್ತು ಇಡಿಕೆ2

ಇವೆರಡರ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಸೀಬಯಾಸ್ ಹಳೇ ಕಾಲದ ಬಯಾಸಿನಂತೆ ನಡೆದುಕೊಳ್ಳುತ್ತದೆ, ಜಾಗ ತೀರಾ ಕಡಿಮೆ ಸಾಕು, ಪೆನ್‌ಡ್ರೈವಿನಿಂದ ಯಾವ ಲಿನಕ್ಸನ್ನಾದರೂ ಇನ್‌ಸ್ಟಾಲ್ ಮಾಡಬಹುದು. ಮೊದಲ ಸಲ ಕೋರ್‌ಬೂಟ್ ಹಾಕುವವರು ಕೊನೆಗೆ ಏನನ್ನೇ ಬಯಸಿರಲಿ, ಮೊದಲ ಇಮೇಜು ಸೀಬಯಾಸಿನದ್ದೇ ಆಗಿರಲಿ. ಪರದೆ, ಕೀಬೋರ್ಡ್, ಮೆಮೊರಿ ಸರಿಯಿವೆ ಎಂಬುದು ಅದರಿಂದ ಖಾತ್ರಿಯಾಗುತ್ತದೆ.

ಹೊಸ ಗಣಕಗಳ ಯುಇಎಫ್‌ಐ ಬಗೆಯ ಬೂಟ್ ಬೇಕಾದವರಿಗೆ, ವಿಂಡೋಸ್ ಜೊತೆಗಿಟ್ಟುಕೊಳ್ಳುವವರಿಗೆ, ಕ್ರೋಮ್‌ಬುಕ್ಕಿಗೆ ಬೇರೆ ಆಪರೇಟಿಂಗ್ ಸಿಸ್ಟಂ ಹಾಕುವವರಿಗೆ ಇಡಿಕೆ2. ಕ್ರೋಮ್‌ಬುಕ್ಕುಗಳಲ್ಲಿ ಕೋರ್‌ಬೂಟ್ ಮೊದಲಿಂದಲೇ ಇರುತ್ತದೆ, ಆದರೆ ಬರೆಯದಂತೆ ಬೀಗವೂ ಇರುತ್ತದೆ. ಹಳೆಯವುಗಳಲ್ಲಿ ಆ ಬೀಗ ಮದರ್‌ಬೋರ್ಡಿನ ಒಂದು ಸ್ಕ್ರೂ, ಹೊಸದರಲ್ಲಿ ಬ್ಯಾಟರಿ ಕಳಚಿ ಅಥವಾ ವಿಶೇಷ ಡೀಬಗ್ ಕೇಬಲ್ ಹಾಕಿ ತೆಗೆಯಬೇಕು.

ಗ್ರಬ್: ಹೆಚ್ಚಿನವರಿಗೆ ಇದೇ

ಗ್ರಬ್ಬನ್ನು ಚಿಪ್ಪಿನಲ್ಲಿಟ್ಟರೆ ಡಿಸ್ಕಿನಲ್ಲಿ ಬೂಟ್‌ಲೋಡರ್ ಬೇಕಿಲ್ಲ. ಡಿಸ್ಕಿನ ಗ್ರಬ್ ಕಾನ್ಫಿಗ್ ಫೈಲನ್ನೇ ಓದಿ ಮೆನು ತೋರಿಸುತ್ತದೆ. ಬೂಟ್ ಪಾರ್ಟಿಶನ್ ಸಮೇತ ಇಡೀ ಡಿಸ್ಕನ್ನು ಎನ್‌ಕ್ರಿಪ್ಟ್ ಮಾಡಿದ್ದರೂ ತೆರೆಯುತ್ತದೆ. ಇಲ್ಲಿ ಜನ ಸಿಕ್ಕಿಬೀಳುವ ಜಾಗ ಒಂದಿದೆ. ಲಿನಕ್ಸಿನ ಎನ್‌ಕ್ರಿಪ್ಶನ್ ಬಗೆಯಾದ ಲಕ್ಸ್2 ಪಾರ್ಟಿಶನ್ ಮಾಡಿದಾಗ ಅದನ್ನು ಮಾಡುವ ಕ್ರಿಪ್ಟ್‌ಸೆಟಪ್ ಪಾಸ್‌ವರ್ಡಿನಿಂದ ಕೀಲಿ ಪಡೆಯಲು ತಾನಾಗಿ ಆರ್ಗಾನ್2ಐಡಿ ಎಂಬ ವಿಧಾನವನ್ನು ಬಳಸುತ್ತದೆ. ಮೂಲ ಗ್ರಬ್ 2.12ಕ್ಕೆ ಅದು ತಿಳಿಯದು. ಪಾಸ್‌ವರ್ಡ್ ಸರಿಯಿದ್ದರೂ ಬಾಗಿಲು ತೆರೆಯುವುದಿಲ್ಲ. ಆ ಕೀಲಿಯನ್ನು ಪಿಬಿಕೆಡಿಎಫ್2 ಎಂಬ ಹಳೆಯ ವಿಧಾನಕ್ಕೆ ಬದಲಿಸಿಕೊಳ್ಳಬೇಕು, ಕ್ರಿಪ್ಟ್‌ಸೆಟಪ್ಪಿನಲ್ಲಿ ಅದಕ್ಕೆಂದೇ ಲಕ್ಸ್-ಕನ್ವರ್ಟ್-ಕೀ ಆಜ್ಞೆ ಇದೆ. ಅಥವಾ ಆರ್ಗಾನ್2 ಪ್ಯಾಚ್ ಸೇರಿಸಿರುವ ಲಿಬ್ರೆಬೂಟಿನ (ಕೋರ್‌ಬೂಟನ್ನೇ ಆಧರಿಸಿದ ಯೋಜನೆ) ಗ್ರಬ್ ಬಳಸಬೇಕು.

ಇನ್ನೊಂದು, ಪಾಸ್‌ವರ್ಡ್ ಕೊಟ್ಟ ಮೇಲೆ ಗ್ರಬ್ ಅರ್ಧ ನಿಮಿಷ ಸುಮ್ಮನಿದ್ದರೆ ಕೆಟ್ಟಿದೆ ಎಂದು ಬಟನ್ ಒತ್ತಿಬಿಡಬೇಡಿ. ಲಿನಕ್ಸಿನ ವೇಗಕ್ಕೆ ತಕ್ಕಂತೆ ಗೊತ್ತುಮಾಡಿದ ಸುತ್ತುಗಳನ್ನು ಗ್ರಬ್ ನಿಧಾನವಾಗಿ ಲೆಕ್ಕ ಹಾಕುತ್ತಿರುತ್ತದೆ. ಕೀಲಿ ಹಾಕುವಾಗಲೇ ಇಟರೇಶನ್ ಸಮಯ ಕಡಿಮೆ ಕೊಟ್ಟರೆ ಇದು ಸರಿಹೋಗುತ್ತದೆ, ಅದಕ್ಕೆ ಬದಲಾಗಿ ಪಾಸ್‌ವರ್ಡ್ ಉದ್ದವಿರಲಿ. ಪಾಸ್‌ವರ್ಡ್ ತಪ್ಪಿ ಗ್ರಬ್ ಶೆಲ್ಲಿಗೆ ಬಿದ್ದರೆ ಕ್ರಿಪ್ಟೊಮೌಂಟ್ ಆಜ್ಞೆಯನ್ನು ಮತ್ತೆ ಕೊಡಿ, ಯಂತ್ರ ಆರಿಸಬೇಕಿಲ್ಲ.

ಕರ್ನಲ್ಲನ್ನೇ ನೇರ ಪೇಲೋಡ್ ಮಾಡಿದರೆ

ಮಾಡುವುದು ಕಷ್ಟವಲ್ಲ. ಕೋರ್‌ಬೂಟ್ ಮೆನುವಿನಲ್ಲಿ ಲಿನಕ್ಸ್ ಪೇಲೋಡ್ ಆರಿಸಿ, ಕರ್ನಲ್ಲಿನ ಬಿಝಡ್‌ಇಮೇಜ್ ಫೈಲಿನ ದಾರಿ, ಇನಿಟ್‌ರಾಮ್‌ಎಫ್‌ಎಸ್ ಫೈಲಿನ ದಾರಿ, ಕರ್ನಲ್ ಕಮಾಂಡ್‌ಲೈನ್ ಮೂರನ್ನು ಕೊಟ್ಟರೆ ಆಯಿತು. ಕರ್ನಲ್ ಕಟ್ಟುವಾಗ ಬೇಕಾದ ಡ್ರೈವರುಗಳನ್ನೆಲ್ಲ ಮಾಡ್ಯೂಲ್ ಮಾಡದೆ ಒಳಗೇ ಸೇರಿಸಿ. ಥಿಂಕ್‌ಪ್ಯಾಡಿನ ಒಳಗಿನ ಕೀಬೋರ್ಡ್ ಯುಎಸ್‌ಬಿ ಅಲ್ಲ, ಪಿಎಸ್/2. ಹಾಗಾಗಿ ಐ8042 ಮತ್ತು ಎಟಿ ಕೀಬೋರ್ಡ್ ಡ್ರೈವರ್ ಮರೆತರೆ ಪರದೆ ಚೆನ್ನಾಗಿ ಬಂದರೂ ಒಂದಕ್ಷರ ಒತ್ತಲಾಗದು. ಇನಿಟ್‌ರಾಮ್‌ಎಫ್‌ಎಸ್ಸನ್ನು ಎಕ್ಸ್‌ಝಡ್‌ನಲ್ಲಿ ಕುಗ್ಗಿಸಿದ್ದರೆ ಕರ್ನಲ್ಲಿಗೂ ಎಕ್ಸ್‌ಝಡ್ ಬಿಚ್ಚುವ ಆಯ್ಕೆ ಹಾಕಿರಬೇಕು, ಇಲ್ಲದಿದ್ದರೆ ರೂಟ್ ಸಿಗಲಿಲ್ಲ ಎಂದು ಪ್ಯಾನಿಕ್ ಆಗುತ್ತದೆ.

ಪರದೆಗೆ ಎರಡು ಬಗೆ. ಕೋರ್‌ಬೂಟಿನ ಲಿಬ್‌ಜಿಎಫ್‌ಎಕ್ಸ್‌ಇನಿಟ್ ಪರದೆ ಎಬ್ಬಿಸಿಕೊಟ್ಟ ಫ್ರೇಮ್‌ಬಫರನ್ನು (ಪರದೆಯ ಚಿತ್ರ ಇರುವ ಮೆಮೊರಿ) ಕರ್ನಲ್ ಹಾಗೇ ಬಳಸಬಹುದು, ಅದಕ್ಕೆ ಗೂಗಲ್ ಫರ್ಮ್‌ವೇರ್ ವಿಭಾಗದ ಕೋರ್‌ಬೂಟ್ ಟೇಬಲ್, ಕೋರ್‌ಬೂಟ್ ಫ್ರೇಮ್‌ಬಫರ್ ಆಯ್ಕೆಗಳ ಜೊತೆಗೆ ಸಿಂಪಲ್ ಫ್ರೇಮ್‌ಬಫರ್ ಡ್ರೈವರ್ ಬೇಕು. ಇಲ್ಲವೇ ಇಂಟೆಲ್ ಗ್ರಾಫಿಕ್ಸಿನ ಐ915 ಡ್ರೈವರನ್ನೇ ಕರ್ನಲ್ಲಿಗೆ ಸೇರಿಸಬೇಕು, ಆಗ ಗಾತ್ರ ಹೆಚ್ಚುತ್ತದೆ. ಲಿಬ್‌ಜಿಎಫ್‌ಎಕ್ಸ್‌ಇನಿಟ್ ಬರೆದಿರುವುದು ಏಡಾ ಭಾಷೆಯಲ್ಲಿ. ನಿಮ್ಮ ಗಣಕದಲ್ಲಿ ಏಡಾಕ್ಕೆ ಬೇಕಾದ ನ್ಯಾಟ್ ಕಂಪೈಲರ್ ಇಲ್ಲದೆ ಕೋರ್‌ಬೂಟಿನ ಕ್ರಾಸ್ ಕಂಪೈಲರ್ ಕಟ್ಟಿದರೆ ಏಡಾ ಬಿಟ್ಟುಹೋಗುತ್ತದೆ, ಮೆನುವಿನಲ್ಲಿ ಆ ಆಯ್ಕೆಯೇ ಕಾಣಿಸುವುದಿಲ್ಲ. ಕಪ್ಪು ಪರದೆಗೆ ಇದು ಸಾಮಾನ್ಯ ಕಾರಣ. ನ್ಯಾಟ್ ಮತ್ತು ಜಿಸಿಸಿ ಒಂದೇ ಆವೃತ್ತಿಯವು ಇರಲಿ.

ತೊಂದರೆ ಬರುವುದು ಆಮೇಲೆ, ಅಪ್‌ಡೇಟ್ ಹೊತ್ತಿನಲ್ಲಿ. ಡಿಸ್ಕಿನ ಡೆಬಿಯನ್ ತನ್ನ ಕರ್ನಲ್ ಅಪ್‌ಡೇಟ್ ಮಾಡಿಕೊಂಡು ಹಳೆಯ ಮಾಡ್ಯೂಲುಗಳನ್ನು ತೆಗೆದುಹಾಕುತ್ತದೆ. ಚಿಪ್ಪಿನ ಕರ್ನಲ್ ಅದೇ ಹಳೆಯದು. ಒಂದು ಬೆಳಿಗ್ಗೆ ಯಂತ್ರ ಏಳುತ್ತದೆ, ಆದರೆ ವೈ-ಫೈ ಇಲ್ಲ, ಸೌಂಡ್ ಇಲ್ಲ. ಕರ್ನಲ್ ಆವೃತ್ತಿಗೆ ಹೊಂದುವ ಮಾಡ್ಯೂಲ್ ಡೈರೆಕ್ಟರಿ ಡಿಸ್ಕಿನಲ್ಲಿ ಇಲ್ಲವಾಗಿರುತ್ತದೆ. ಪ್ರತಿ ಭದ್ರತಾ ಅಪ್‌ಡೇಟಿಗೂ ಕರ್ನಲ್ ಕಟ್ಟಿ, ರೋಮ್ ಇಮೇಜ್ ಮಾಡಿ, ಚಿಪ್ ಬರೆಯಬೇಕು. ಚಿಪ್ ಸವೆಯುತ್ತದೆ ಎಂಬ ಭಯ ಬೇಡ, ಈ ಚಿಪ್ಪುಗಳ ಡೇಟಾಶೀಟಿನಲ್ಲಿ ಸಾಮಾನ್ಯವಾಗಿ 1 ಲಕ್ಷ ಸಲ ಅಳಿಸಿ ಬರೆಯಬಹುದು ಎಂದಿರುತ್ತದೆ. ನಿಜವಾದ ಅಪಾಯ ಬರೆಯುವ ನಡುವೆ ಕರೆಂಟ್ ಹೋಗುವುದು. ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪಿನ ಬ್ಯಾಟರಿ ಸತ್ತಿದ್ದು, ಅಡಾಪ್ಟರ್ ನಂಬಿಕೊಂಡು ಬರೆಯುವಾಗ ಲೈನ್ ಹೋದರೆ ಯಂತ್ರ ಏಳುವುದಿಲ್ಲ, ಮತ್ತೆ ಬಿಚ್ಚಿ, ಚಿಪ್ಪಿನ ಕಾಲುಗಳಿಗೆ ಕ್ಲಿಪ್ ಹಾಕಿ ಹೊರಗಿಂದ ಬರೆಯಲೇಬೇಕು.

ಹಾಗಾದರೆ ಇದು ಯಾರಿಗೆ? ಡಿಸ್ಕೇ ಇಲ್ಲದೆ ಒಂದೇ ಕೆಲಸ ಮಾಡುವ ಯಂತ್ರಕ್ಕೆ. ಬಿಝಿಬಾಕ್ಸ್ ಮತ್ತು ಎಸ್‌ಎಸ್‌ಎಚ್ ಕ್ಲೈಂಟ್ ಮಾತ್ರ ಇರುವ ಟರ್ಮಿನಲ್, ಅಳತೆ ದಾಖಲಿಸುವ ಪೆಟ್ಟಿಗೆ, ರೂಟರ್. ಅಂಥಲ್ಲಿ ಇದು ನಿಜಕ್ಕೂ ಗಟ್ಟಿ ಏರ್ಪಾಡು, ಕೆಡಲು ಡಿಸ್ಕೇ ಇರುವುದಿಲ್ಲ. ಬ್ರೌಸರ್ ಬೇಕೆಂದರೆ ಮಾತ್ರ 11 ಎಂಬಿಯಲ್ಲಿ ಆಗದು.

ಚಿಪ್ಪಿನಲ್ಲಿ ಚಿಕ್ಕ ಕರ್ನಲ್, ಡಿಸ್ಕಿನಲ್ಲಿ ದೊಡ್ಡದು

ಓಡುತ್ತಿರುವ ಕರ್ನಲ್ ತನ್ನ ಜಾಗಕ್ಕೆ ಇನ್ನೊಂದನ್ನು ತಂದು ಕೂರಿಸಬಲ್ಲದು. ಅದೇ ಕೆಎಕ್ಸೆಕ್. ಈ ದಾರಿಯ ಬಲ ಇರುವುದು ಲಿನಕ್ಸಿನ ಡ್ರೈವರುಗಳಲ್ಲಿ. ಲಿನಕ್ಸ್ ಓದಬಲ್ಲ ಯಾವ ಫೈಲ್ ವ್ಯವಸ್ಥೆಯನ್ನೂ ಎನ್‌ಕ್ರಿಪ್ಶನ್ನನ್ನೂ ನೆಟ್‌ವರ್ಕ್ ಕಾರ್ಡನ್ನೂ ಬೂಟ್ ಹಂತದಲ್ಲೇ ಬಳಸಬಹುದು. ಆರ್ಗಾನ್2ಐಡಿ ಸಮಸ್ಯೆ ಇಲ್ಲಿ ಇಲ್ಲವೇ ಇಲ್ಲ.

ಇದರಲ್ಲಿ ಎರಡು ಸಿದ್ಧ ಮಾರ್ಗಗಳಿವೆ. ಯು-ರೂಟ್ ಗೋ ಭಾಷೆಯಲ್ಲಿ ಬರೆದ ಇನಿಟ್‌ರಾಮ್‌ಎಫ್‌ಎಸ್. ಕೋರ್‌ಬೂಟ್ ಮೆನುವಿನಲ್ಲಿ ಲಿನಕ್ಸ್‌ಬೂಟ್ ಆರಿಸಿದರೆ ಕರ್ನಲ್ಲನ್ನೂ ಯು-ರೂಟನ್ನೂ ಅದೇ ಕಟ್ಟಿಕೊಡುತ್ತದೆ. ಡಿಸ್ಕಿನ ಗ್ರಬ್ ಕಾನ್ಫಿಗ್ ಓದಿ ಕೆಎಕ್ಸೆಕ್ ಮಾಡುತ್ತದೆ, ಆದರೆ ಗ್ರಬ್ ಸ್ಕ್ರಿಪ್ಟಿನ ಎಲ್ಲ ಷರತ್ತುಗಳೂ ಅದಕ್ಕೆ ಅರ್ಥವಾಗುವುದಿಲ್ಲ. ಕೈಯಿಂದ ತಿದ್ದಿ ಕಗ್ಗಂಟಾದ ಕಾನ್ಫಿಗ್ ಇದ್ದರೆ ಮೊದಲು ಸರಳ ಮಾಡಿ. ಕಲಿಯುವವರಿಗೆ ಇದು ಒಳ್ಳೆಯದು, ಕೋಡ್ ಓದಲು ಸುಲಭ.

ಹೆಡ್ಸ್ ಇನ್ನೊಂದು, ಟ್ರಾಮೆಲ್ ಹಡ್ಸನ್ ಶುರುಮಾಡಿದ್ದು. ಇದರ ಗುರಿ ಭದ್ರತೆ. ಬೂಟ್ ಪಾರ್ಟಿಶನ್ನಿನ ಫೈಲುಗಳಿಗೆ ನಿಮ್ಮ ಜಿಪಿಜಿ ಸಹಿ ಇರಬೇಕು, ಕೀಲಿ ಯುಎಸ್‌ಬಿ ಟೋಕನ್ನಿನಲ್ಲಿರುತ್ತದೆ. ಫರ್ಮ್‌ವೇರ್ ಬದಲಾಗಿಲ್ಲ ಎಂಬುದಕ್ಕೆ ಟಿಪಿಎಂ ಎಂಬ ಭದ್ರತಾ ಚಿಪ್ಪಿನಲ್ಲಿ ಅಡಗಿಸಿದ ಗುಟ್ಟಿನಿಂದ ಪರದೆಯ ಮೇಲೆ ಆರಂಕಿಯ ಸಂಖ್ಯೆ ಬರುತ್ತದೆ, ಅದು ನಿಮ್ಮ ಫೋನಿನ ಸಂಖ್ಯೆಗೆ ಹೊಂದಬೇಕು. ಹಾಸ್ಟೆಲ್ ರೂಮಿನಲ್ಲೋ ಕಚೇರಿಯಲ್ಲೋ ಲ್ಯಾಪ್‌ಟಾಪ್ ಬಿಟ್ಟುಹೋಗಬೇಕಾದ, ಅದರಲ್ಲಿ ಬೇರೆಯವರ ಮಾಹಿತಿ ಇಟ್ಟುಕೊಂಡಿರುವ ವಕೀಲರು, ಪತ್ರಕರ್ತರಿಗೆ ಇದು ತಕ್ಕದ್ದು. ಪ್ರತಿ ಕರ್ನಲ್ ಅಪ್‌ಡೇಟ್ ಆದಮೇಲೂ ಟೋಕನ್ ಹಾಕಿ ಮತ್ತೆ ಸಹಿ ಮಾಡುವ ತಾಳ್ಮೆ ಇಲ್ಲದವರು ಎಚ್ಚರಿಕೆಯನ್ನು ಕಣ್ಣುಮುಚ್ಚಿ ದಾಟತೊಡಗುತ್ತಾರೆ, ಆಗ ಹೆಡ್ಸ್ ಇದ್ದೂ ಇಲ್ಲದಂತೆ.

ಹೆಡ್ಸ್‌ನಲ್ಲಿ ಸಂಖ್ಯೆ ಹೊಂದದಿದ್ದರೆ ಗಾಬರಿಗೆ ಮೊದಲು ಗಡಿಯಾರ ನೋಡಿ. ಆ ಸಂಖ್ಯೆ ಸಮಯದ ಮೇಲೆ ನಿಂತಿದೆ, ಯಂತ್ರದ ಗಡಿಯಾರ ಯುಟಿಸಿಯಲ್ಲಿರಬೇಕು. ನಮ್ಮ ಸಮಯ ಅದಕ್ಕಿಂತ 5 ಗಂಟೆ 30 ನಿಮಿಷ ಮುಂದೆ. ಕೈಗಡಿಯಾರ ನೋಡಿ ಹಾಗೇ ಹಾಕಿದರೆ, ಅಥವಾ ಪಕ್ಕದಲ್ಲಿರುವ ವಿಂಡೋಸ್ ಅದನ್ನು ಸ್ಥಳೀಯ ಸಮಯಕ್ಕೆ ತಿರುಗಿಸಿದರೆ ಸಂಖ್ಯೆ ತಪ್ಪುತ್ತದೆ. ಸಿಮೋಸ್ ಸೆಲ್ ಸತ್ತಿದ್ದರೂ ಅಷ್ಟೇ, ಹಳೆಯ ಯಂತ್ರಗಳಲ್ಲಿ ಸತ್ತಿರುವುದೇ ಹೆಚ್ಚು. ಗಡಿಯಾರ ಸರಿಯಿದ್ದೂ ಹೊಂದದಿದ್ದರೆ ಮಾತ್ರ ಯಾರೋ ಕೈಹಾಕಿದ್ದಾರೆಯೇ ಎಂದು ಯೋಚಿಸಬೇಕು.

ಕೆಎಕ್ಸೆಕ್ ಆದ ಮೇಲೆ ಪರದೆ ಕಪ್ಪಾಗಿ ನಿಲ್ಲುವುದು ಇನ್ನೊಂದು ಸಾಮಾನ್ಯ ದೂರು. ಮೊದಲ ಕರ್ನಲ್ ಐ915ನಿಂದ ಪರದೆಯನ್ನು ತನ್ನ ಹತೋಟಿಗೆ ತೆಗೆದುಕೊಂಡಿರುತ್ತದೆ, ಎರಡನೆಯದಕ್ಕೆ ತನ್ನ ಐ915 ಲೋಡ್ ಆಗುವತನಕ ಬರೆಯಲು ಜಾಗವೇ ಇರುವುದಿಲ್ಲ. ಡಿಸ್ಕ್ ಪಾಸ್‌ವರ್ಡ್ ಕೇಳುತ್ತಿದ್ದರೂ ನಿಮಗೆ ಕಾಣುವುದಿಲ್ಲ. ಡಿಸ್ಕಿನ ಕರ್ನಲ್ಲಿನ ಇನಿಟ್‌ರಾಮ್‌ಎಫ್‌ಎಸ್ಸಿಗೆ ಐ915 ಸೇರಿಸಿ ಮತ್ತೆ ಕಟ್ಟಿದರೆ ಇದು ಹೋಗುತ್ತದೆ. ಕೈಯಿಂದ ಕೆಎಕ್ಸೆಕ್ ಮಾಡುವಾಗ ಹಳೆಯ ಕಮಾಂಡ್‌ಲೈನನ್ನೇ ಮರುಬಳಸುವ ಆಯ್ಕೆ ಕೊಡಬೇಡಿ. ಚಿಪ್ಪಿನ ಕರ್ನಲ್ಲಿನ ಸಾಲು ಅದು, ಅದರಲ್ಲಿ ಡಿಸ್ಕಿನ ರೂಟ್ ಯುಯುಐಡಿ ಇರುವುದಿಲ್ಲ.

ಚಿಪ್ಪಿನಲ್ಲಿದೆ ಎಂಬ ಮಾತ್ರಕ್ಕೆ ಕರ್ನಲ್ ಸುರಕ್ಷಿತವಲ್ಲ ಎಂಬುದನ್ನೂ ಒತ್ತಿ ಹೇಳಬೇಕು. ರೂಟ್ ಅಧಿಕಾರ ಸಿಕ್ಕವನು ಚಿಪ್ ಬರೆಯುವ ಫ್ಲ್ಯಾಶ್‌ರೋಮ್ ಪ್ರೋಗ್ರಾಮಿನಿಂದ ಚಿಪ್ಪನ್ನೂ ಬರೆಯಬಲ್ಲ. ಬರೆಯದಂತೆ ಬೀಗ ಹಾಕಿದಾಗ, ಅಥವಾ ಹೆಡ್ಸ್‌ನಂತೆ ಬದಲಾವಣೆ ಪತ್ತೆಹಚ್ಚಿದಾಗ ಮಾತ್ರ ಭದ್ರತೆಯ ಮಾತು.

ನಡುವಿನ ದಾರಿ

ನಾವು ಬಹಳ ಜನಕ್ಕೆ ಹೇಳುವುದು ಇದನ್ನು. ಪೇಲೋಡ್ ಗ್ರಬ್ಬೇ ಇರಲಿ. ದುರಸ್ತಿಗೆ ಬೇಕಾದ ಚಿಕ್ಕ ಕರ್ನಲ್ಲನ್ನೂ ಇನಿಟ್‌ರಾಮ್‌ಎಫ್‌ಎಸ್ಸನ್ನೂ ಕೋರ್‌ಬೂಟಿನ ಸಿಬಿಎಫ್‌ಎಸ್‌ಟೂಲ್‌ನಿಂದ ರಾ ಫೈಲುಗಳಾಗಿ, ಮತ್ತೆ ಕುಗ್ಗಿಸದೆ, ಅದೇ ಚಿಪ್ಪಿಗೆ ಸೇರಿಸಿ. ಗ್ರಬ್ ಚಿಪ್ಪನ್ನು ಸಿಬಿಎಫ್‌ಎಸ್‌ಡಿಸ್ಕ್ ಎಂಬ ಹೆಸರಿನ ಡಿಸ್ಕಿನಂತೆ ಓದುತ್ತದೆ, ಮೆನುವಿನಲ್ಲಿ ಒಂದು ಸಾಲು ಹಾಕಿದರೆ ಸಾಕು. ದಿನವೂ ಡಿಸ್ಕಿನ ಕರ್ನಲ್, ಡಿಸ್ಕ್ ಕೆಟ್ಟ ದಿನ ಚಿಪ್ಪಿನ ಕರ್ನಲ್. ಅದರಲ್ಲಿ ಕ್ರಿಪ್ಟ್‌ಸೆಟಪ್, ಎಫ್‌ಎಸ್‌ಸಿಕೆ, ಎಸ್‌ಎಸ್‌ಎಚ್, ಕೆಎಕ್ಸೆಕ್ ಇಷ್ಟಿದ್ದರೆ ಪೆನ್‌ಡ್ರೈವ್ ಹುಡುಕುವ ಕೆಲಸವಿಲ್ಲ. ಚಿಪ್ಪಿನ ಕರ್ನಲ್ ಏಳದಿದ್ದರೂ ಡಿಸ್ಕಿನದು ಏಳುತ್ತದೆ. ಕರ್ನಲ್ಲನ್ನೇ ಪೇಲೋಡ್ ಮಾಡಿದವರಿಗೆ ಈ ಸೌಲಭ್ಯ ಇಲ್ಲ.

ಕಾಲೇಜು ಲ್ಯಾಬಿನಲ್ಲಿ ಡಿಸ್ಕ್ ಸತ್ತ ಲ್ಯಾಪ್‌ಟಾಪುಗಳನ್ನು ಸರ್ವರಿನಿಂದ ಎಬ್ಬಿಸಬೇಕೆಂದರೆ ಚಿಪ್ಪಿಗೆ ಕರ್ನಲ್ ಹಾಕುವ ಮೊದಲು ನೆಟ್‌ವರ್ಕಿನಿಂದ ಬೂಟ್ ಮಾಡಿಸುವ ಐಪಿಎಕ್ಸ್‌ಇ ನೋಡಿ. ಸೀಬಯಾಸ್ ಜೊತೆ ಸೇರಿಸಿಕೊಂಡರೆ ಕರ್ನಲ್ಲನ್ನು ಸರ್ವರಿನಿಂದಲೇ ತರುತ್ತದೆ. ಆಗ ಹೊಸ ಕರ್ನಲ್ ಸರ್ವರಿನಲ್ಲಿ ಒಂದು ಕಡೆ ಬದಲಿಸಿದರೆ ಮೂವತ್ತು ಯಂತ್ರಕ್ಕೂ ಆಯಿತು. ಎಕ್ಸ್230ರ ಇಂಟೆಲ್ 82579ಎಲ್‌ಎಂ ಎತರ್ನೆಟ್‌ಗೆ ಕೇಬಲ್ ಎಳೆಯಿರಿ. ವೈ-ಫೈ ಮೇಲೆ ಬೂಟ್ ಮಾಡಲು ಹೋದರೆ ಕಾರ್ಡಿನ ಫರ್ಮ್‌ವೇರ್, ಡಬ್ಲ್ಯುಪಿಎ ಸಪ್ಲಿಕೆಂಟ್ ಎಲ್ಲ ಚಿಪ್ಪಿಗೆ ತುಂಬಬೇಕಾಗುತ್ತದೆ.

ಯಾವ ಯಂತ್ರ

ಇಂಟೆಲ್ 3ನೇ ಪೀಳಿಗೆಯವರೆಗಿನ ಥಿಂಕ್‌ಪ್ಯಾಡುಗಳಲ್ಲಿ ಫರ್ಮ್‌ವೇರಿನ ಸಹಿ ಪರೀಕ್ಷಿಸುವ ಬೂಟ್ ಗಾರ್ಡ್ ಕಾಟವಿಲ್ಲ. 4ನೇ ಪೀಳಿಗೆಯ ಟಿ440ಪಿ, ಡಬ್ಲ್ಯು541 ಕೂಡ ಆಗುತ್ತವೆ. ಎಕ್ಸ್250, ಟಿ450 ಬೇಡ, ಕಂಪನಿಯ ಸಹಿ ಇಲ್ಲದ ಫರ್ಮ್‌ವೇರನ್ನು ಅವು ಒಪ್ಪುವುದಿಲ್ಲ. ಟಿ480ಕ್ಕೆ ಬೂಟ್ ಗಾರ್ಡ್ ದಾಟುವ ಉಪಾಯದೊಂದಿಗೆ 2024ರ ಡಿಸೆಂಬರಿನಲ್ಲಿ ಲಿಬ್ರೆಬೂಟ್ ಬೆಂಬಲ ಬಂತು. ಎಕ್ಸ್220, ಟಿ420ಗಳಲ್ಲಿ ಚಿಪ್ 8 ಎಂಬಿ ಒಂದೇ, ಚಿಕ್ಕ ಕರ್ನಲ್ಲಿಗೂ ಮ್ಯಾನೇಜ್‌ಮೆಂಟ್ ಇಂಜಿನ್ ಕುಗ್ಗಿಸಲೇಬೇಕು. ಚಿಪ್ಪಿನಲ್ಲಿ ಲಿನಕ್ಸ್ ಬೇಕೆಂದು ಮೊದಲೇ ಗೊತ್ತಿದ್ದರೆ ಎಕ್ಸ್230, ಟಿ430, ಟಿ440ಪಿ ಹೀಗೆ 12 ಎಂಬಿಯದ್ದನ್ನೇ ಕೊಳ್ಳಿ. ಕಂಪನಿಯ ಬಯಾಸ್ ಇರುವಾಗಲೇ ಎಂಬೆಡೆಡ್ ಕಂಟ್ರೋಲರ್ (ಕೀಬೋರ್ಡ್, ಬ್ಯಾಟರಿ ನೋಡಿಕೊಳ್ಳುವ ಚಿಪ್) ಅಪ್‌ಡೇಟ್ ಮುಗಿಸಿಕೊಳ್ಳಿ, ಕೋರ್‌ಬೂಟ್ ಹಾಕಿದ ಮೇಲೆ ಅದು ಸುಲಭವಲ್ಲ. ಮೂಲ ಬಯಾಸ್ ಒಪ್ಪದ ವೈ-ಫೈ ಕಾರ್ಡುಗಳು ಕೋರ್‌ಬೂಟಿನಲ್ಲಿ ನಡೆಯುತ್ತವೆ, ಇದು ಯಾವ ಪೇಲೋಡಿಗೂ ಸಿಗುವ ಲಾಭ.

ಬರೆಯುವ ಕೆಲಸ

ಮೊದಲು ಕ್ಯೂಎಮ್ಯು ಎಂಬ ಯಂತ್ರಾನುಕರಣೆ ತಂತ್ರಾಂಶದಲ್ಲಿ ನೋಡಿ. ಕೋರ್‌ಬೂಟನ್ನು ಕ್ಯೂಎಮ್ಯು ಕ್ಯೂ35 ಬೋರ್ಡಿಗೆ, ಅದೇ ಕರ್ನಲ್, ಅದೇ ಇನಿಟ್‌ರಾಮ್‌ಎಫ್‌ಎಸ್ ಹಾಕಿ ಕಟ್ಟಿ, ಸೀರಿಯಲ್ ಕನ್ಸೋಲಿನಲ್ಲಿ ಓಡಿಸಿ. ಇನಿಟ್‌ರಾಮ್‌ಎಫ್‌ಎಸ್ಸಿನ ತಪ್ಪುಗಳು ಬಹುಪಾಲು ಇಲ್ಲೇ ಸಿಕ್ಕಿಬಿಡುತ್ತವೆ.

ಎಕ್ಸ್230ರಲ್ಲಿ ಕೀಬೋರ್ಡ್ ಮತ್ತು ಪಾಮ್‌ರೆಸ್ಟ್ ತೆಗೆದು ಕಪ್ಪು ಹಾಳೆ ಎತ್ತಿದರೆ ಎರಡು ಎಂಟುಕಾಲಿನ ಚಿಪ್ಪುಗಳು ಕಾಣುತ್ತವೆ. ಬ್ಯಾಟರಿ, ಅಡಾಪ್ಟರ್, ಸಿಮೋಸ್ ಸೆಲ್ ಮೂರೂ ಕಳಚಿರಬೇಕು. ರಾಸ್ಪ್‌ಬೆರಿ ಪೈ ಬಳಸುವುದಾದರೆ ಕ್ಲಿಪ್ ಮೂಲಕ ಚಿಪ್ಪಿನ 1ನೇ ಕಾಲು ಪೈನ ಪಿನ್ 24ಕ್ಕೆ, 2ನೆಯದು 21ಕ್ಕೆ, 4ನೆಯದು 25ಕ್ಕೆ, 5ನೆಯದು 19ಕ್ಕೆ, 6ನೆಯದು 23ಕ್ಕೆ, 8ನೆಯದು 3.3 ವೋಲ್ಟಿನ 17ಕ್ಕೆ. 3 ಮತ್ತು 7 ಬಿಡಿ. ಚಿಪ್ಪಿನ ಮೇಲಿನ ಚುಕ್ಕಿಯೇ 1ನೇ ಕಾಲು. ತಂತಿಗಳು ಗೇಣಿಗಿಂತ ಉದ್ದ ಬೇಡ, ವೇಗ 512 ಕಿಲೋಹರ್ಟ್ಸಿನಿಂದ ಶುರುಮಾಡಿ. ಪೈಗೆ ಯುಪಿಎಸ್ ಅಥವಾ ಪವರ್ ಬ್ಯಾಂಕಿನಿಂದ ಕರೆಂಟ್ ಕೊಡಿ.

ರಿಪೇರಿ ಅಂಗಡಿಗಳಲ್ಲಿ ಸಿಎಚ್341ಎ ಪ್ರೋಗ್ರಾಮರ್ ಇರುತ್ತದೆ. ಅದರ ಅಗ್ಗದ ಕಪ್ಪು ಬೋರ್ಡಿನಲ್ಲಿ ವಿದ್ಯುತ್ ಕಾಲು 3.3 ವೋಲ್ಟ್ ಆದರೂ ಡೇಟಾ ಕಾಲುಗಳು 5 ವೋಲ್ಟ್ ಕೊಡುತ್ತವೆ. ಮಲ್ಟಿಮೀಟರಿನಲ್ಲಿ ಅಳೆಯದೆ ಚಿಪ್ಪಿಗೆ ಹಚ್ಚಬೇಡಿ. ಅಂಗಡಿಯವರು ನೆಟ್‌ನಿಂದ ಇಳಿಸಿದ ಯಾವುದೋ ಬಿನ್ ಫೈಲ್ ಹೊಡೆದುಕೊಡುತ್ತೇನೆ ಎಂದರೆ ಒಪ್ಪಬೇಡಿ. ಬೇರೆಯವರ ಯಂತ್ರದ ಮ್ಯಾಕ್ ವಿಳಾಸ ನಿಮ್ಮದಕ್ಕೆ ಬರುತ್ತದೆ, ಲ್ಯಾಬಿನಲ್ಲಿ ಎರಡು ಯಂತ್ರ ಒಂದೇ ವಿಳಾಸ ಹಿಡಿದು ನೆಟ್‌ವರ್ಕ್ ಆಗಾಗ ಕಡಿಯುತ್ತದೆ.

ಪ್ರತಿ ಚಿಪ್ಪನ್ನೂ ಎರಡು ಸಲ ಓದಿ, ಎರಡು ಫೈಲುಗಳ ಎಸ್‌ಎಚ್‌ಎ256 ಹೊಂದಿಸಿ ನೋಡಿ. ಹೊಂದದಿದ್ದರೆ ಕ್ಲಿಪ್ ಸರಿಯಾಗಿ ಕೂತಿಲ್ಲ ಎಂದರ್ಥ, ಮುಂದುವರಿಯಬೇಡಿ. ಆ ಮೂಲ ಫೈಲುಗಳನ್ನು ಎರಡು ಕಡೆ ಕಾಪಿಡಿ, ಡಿಸ್ಕ್ರಿಪ್ಟರ್, ನೆಟ್‌ವರ್ಕ್, ಮ್ಯಾನೇಜ್‌ಮೆಂಟ್ ಭಾಗಗಳನ್ನು ಕೋರ್‌ಬೂಟಿನ ಐಎಫ್‌ಡಿಟೂಲ್‌ನಿಂದ ಬಿಡಿಸಿಕೊಳ್ಳುವುದು ಅವುಗಳಿಂದಲೇ. ಕಟ್ಟಿದ 12 ಎಂಬಿ ಇಮೇಜಿನ ಮೊದಲ 8 ಎಂಬಿ ದೊಡ್ಡ ಚಿಪ್ಪಿಗೆ, ಕೊನೆಯ 4 ಎಂಬಿ ಚಿಕ್ಕದಕ್ಕೆ. ಡಿಸ್ಕ್ರಿಪ್ಟರಿನ ಬೀಗವನ್ನು ಐಎಫ್‌ಡಿಟೂಲ್‌ನಲ್ಲೇ ತೆಗೆದಿದ್ದರೆ ಮುಂದಿನ ಸಲದಿಂದ ಬಿಚ್ಚಬೇಕಿಲ್ಲ, ಕರ್ನಲ್ ಕಮಾಂಡ್‌ಲೈನಿಗೆ ಐಒಮೆಮ್ ರಿಲ್ಯಾಕ್ಸ್ಡ್ ಸೇರಿಸಿ ಬೂಟ್ ಮಾಡಿ ಒಳಗಿಂದಲೇ ಫ್ಲ್ಯಾಶ್‌ರೋಮ್ ಓಡಿಸಬಹುದು. ಆಗ ಅಡಾಪ್ಟರ್ ಜೊತೆಗೆ ಚಾರ್ಜ್ ನಿಲ್ಲುವ ಬ್ಯಾಟರಿಯೂ ಇರಲೇಬೇಕು.

ಫ್ಯಾನ್ ತಿರುಗುತ್ತದೆ, ಪರದೆ ಕಪ್ಪು

ಮೊದಲು ಒಂದೇ ರಾಮ್ ಕಡ್ಡಿ ಇಟ್ಟು ನೋಡಿ. ಸೆಕೆಂಡ್ ಹ್ಯಾಂಡ್ ಯಂತ್ರಗಳಲ್ಲಿ ಎರಡು ಬೇರೆ ಬೇರೆ ಕಂಪನಿಯ ಕಡ್ಡಿಗಳು ಇರುವುದು ಸಾಮಾನ್ಯ, ಮೆಮೊರಿ ಹದಕ್ಕೆ ತರುವ ಹಂತ ಅಲ್ಲೇ ನಿಲ್ಲಬಹುದು. ಬರೆದ ಮೇಲಿನ ಮೊದಲ ಬೂಟ್ ಎಂದಿಗಿಂತ ನಿಧಾನ, ಆಮೇಲೆ ಆ ಲೆಕ್ಕ ಚಿಪ್ಪಿನಲ್ಲೇ ಉಳಿಯುವುದರಿಂದ ಬೇಗ ಏಳುತ್ತದೆ. ಹಾಗಾಗಿ ಒಂದು ನಿಮಿಷ ಕಾಯಿರಿ.

ಸೀಬಯಾಸ್ ಇಮೇಜಿನಲ್ಲಿ ಪರದೆ ಬಂದು, ಕರ್ನಲ್ ಇಮೇಜಿನಲ್ಲಿ ಬರದಿದ್ದರೆ ಕೋರ್‌ಬೂಟ್ ಸರಿಯಿದೆ, ಕರ್ನಲ್ಲಿನ ಫ್ರೇಮ್‌ಬಫರ್ ಆಯ್ಕೆ ತಪ್ಪಿದೆ. ಕರ್ನಲ್ ಬದುಕಿದೆಯೇ ಎಂದು ತಿಳಿಯಲು ಒಂದು ಸುಲಭ ಉಪಾಯವಿದೆ. ಎತರ್ನೆಟ್ಟಿನ ಇ1000ಇ ಡ್ರೈವರನ್ನೂ ಕರ್ನಲ್ ಮಟ್ಟದ ಐಪಿ ಆಟೋಕಾನ್ಫಿಗರೇಶನ್ನನ್ನೂ ಒಳಗೇ ಕಟ್ಟಿ, ಕಮಾಂಡ್‌ಲೈನಿನಲ್ಲಿ ಐಪಿಗೆ ಡಿಎಚ್‌ಸಿಪಿ ಎಂದು ಕೊಟ್ಟು, ಕೇಬಲನ್ನು ಮನೆಯ ರೂಟರಿಗೆ ಚುಚ್ಚಿ. ರೂಟರಿನ ಪಟ್ಟಿಯಲ್ಲಿ ಹೊಸ ವಿಳಾಸ ಕಂಡರೆ ಕರ್ನಲ್ ಓಡುತ್ತಿದೆ, ಕೆಟ್ಟಿರುವುದು ಪರದೆ ಮಾತ್ರ. ಅದೂ ಕಾಣದಿದ್ದರೆ ಸಿಬಿಎಫ್‌ಎಸ್‌ಟೂಲ್‌ನ ಪ್ರಿಂಟ್ ಆಜ್ಞೆಯಿಂದ ಇಮೇಜಿನೊಳಗೆ ಪೇಲೋಡ್ ನಿಜಕ್ಕೂ ಸೇರಿದೆಯೇ, ಅದರ ಗಾತ್ರ ನಿಮ್ಮ ಕರ್ನಲ್ ಮತ್ತು ಇನಿಟ್‌ರಾಮ್‌ಎಫ್‌ಎಸ್ ಸೇರಿದಷ್ಟಿದೆಯೇ ನೋಡಿ. ಇಮೇಜು ಸರಿಯಿದ್ದರೆ ಕ್ಲಿಪ್ ಹಾಕಿ ಎರಡೂ ಚಿಪ್ಪು ಓದಿ, ಬರೆದ ಫೈಲಿನ ಜೊತೆ ಹೋಲಿಸಿ. ಎರಡು ಭಾಗಗಳನ್ನು ಅದಲುಬದಲು ಕತ್ತರಿಸಿದ್ದರೆ ಅಲ್ಲಿ ಗೊತ್ತಾಗುತ್ತದೆ.